ಸವಾಲಿಗೊಂದು ಜವಾಬು

ದೆಹಲಿಯ ಸೀಧೇ ಮೌತ್ ಎಂಬ ರ‍್ಯಾಪ್ ಜೋಡಿಯನ್ನು ನಾನು ಹುಚ್ಚು ಹಿಡಿದವನಂತೆ ಕೇಳುತ್ತೇನೆ. ಕಾರಣ ಒಂದೇ. ಅಲ್ಲಿ ಒಬ್ಬ ಆಡಿದ ಮಾತು ಗಾಳಿಗೆ ಹೋಗುವುದಿಲ್ಲ, ಇನ್ನೊಬ್ಬ ಅದನ್ನು ಹಿಡಿದು ಜವಾಬು ಕೊಡುತ್ತಾನೆ. ಒಬ್ಬ ‘ಕಾಮ್’ ಎಂಬ ಹೆಸರಿನಲ್ಲಿ ಹಾಡುವ ಸಿದ್ಧಾಂತ್ ಶರ್ಮಾ, ಇನ್ನೊಬ್ಬ ‘ಎನ್‌ಕೋರ್ ಎಬಿಜೆ’ ಎಂಬ ಹೆಸರಿನ ಅಭಿಜಯ್ ನೇಗಿ. ಮೊದಲನೆಯವನ ದನಿ ತುಸು ಭಾರ, ಮಾತನ್ನು ತಡೆದು ಇಡುವಂಥದು. ಎರಡನೆಯವನದು ತಾಳವನ್ನು ಸೀಳಿಕೊಂಡು ಮುಂದೆ ಓಡುವಂಥದು. 2018ರಲ್ಲಿ ಸೆಜ್ ಆನ್ ದ ಬೀಟ್ ಎಂಬ ಸಂಗೀತಗಾರನ ಜೊತೆ ಅವರು ‘ಬಯಾನ್’ ಆಲ್ಬಮ್ ಮಾಡಿದರು. 2021ರಲ್ಲಿ ‘ನ’, 2022ರಲ್ಲಿ ಮತ್ತೆ ಸೆಜ್ ಜೊತೆ ‘ನಯಾಬ್’, 2023ರಲ್ಲಿ 30 ಹಾಡುಗಳ ‘ಲಂಚ್ ಬ್ರೇಕ್’. ಯಾವ ಸಿನಿಮಾದ ಹಂಗೂ ಇಲ್ಲದೆ ಕಟ್ಟಿದ ಕೆಲಸ ಇದು. ನಮ್ಮ ದೇಶದ ಸ್ವತಂತ್ರ ಹಿಪ್‌ಹಾಪ್‌ನಲ್ಲಿ ಇದಕ್ಕಿಂತ ಮೇಲಿನದನ್ನು ನಾನು ಕೇಳಿಲ್ಲ.

‘ನ’ದಲ್ಲಿ ಹಾಡುಗಳ ಹೆಸರುಗಳೂ ನಕಾರದಿಂದಲೇ ಶುರುವಾಗುತ್ತವೆ. ಅದರಲ್ಲಿ ‘ನಂಚಾಕು’ ಎಂಬ ಹಾಡಿಗೆ ನಮ್ಮ ಪುಣೆಯ ಎಂ.ಸಿ. ಸ್ಟ್ಯಾನ್ ದನಿಗೂಡಿಸಿದ್ದಾನೆ. ರೈಲು ನಿಲ್ದಾಣದ ಮಗ್ಗುಲಿನ ತಾಡಿವಾಲಾ ರಸ್ತೆಯ ಹುಡುಗ, 2020ರಲ್ಲಿ ‘ತಡಿಪಾರ್’ ತಂದವನು, 2023ರಲ್ಲಿ ಹಿಂದಿ ಬಿಗ್ ಬಾಸ್ ಗೆದ್ದು ದೇಶಕ್ಕೆಲ್ಲ ಪರಿಚಯವಾದವನು. ಒಂಟಿಯಾಗಿ ಹಾಡುವಾಗ ಸ್ಟ್ಯಾನ್ ತನ್ನ ಗಲ್ಲಿ, ತನ್ನ ಹಗೆ, ತನ್ನ ಚಿನ್ನದ ಸರಗಳ ಸುತ್ತಲೇ ತಿರುಗುತ್ತಾನೆ. ಅದೇ ಸ್ಟ್ಯಾನ್ ಈ ಜೋಡಿಯ ನಡುವೆ ಬಂದು ನಿಂತಾಗ ಅವನ ಎಳೆದಾಡುವ ಉಚ್ಚಾರಕ್ಕೆ ಬೇರೆಯೇ ಕಳೆ ಬರುತ್ತದೆ. ಪಕ್ಕದಲ್ಲಿ ಇನ್ನೊಬ್ಬ ನಿಂತ ಮೇಲೆ ನಮ್ಮ ಮಾತಿನ ತೂಕ ನಮಗೇ ಗೊತ್ತಾಗುತ್ತದೆ. ಜೋಡಿ ಹಾಡಿನ ಮೊದಲ ಗುಣ ಇದು.

ಎರಡನೆಯ ಗುಣ ಉಸಿರಿನದು. ವೇದಿಕೆಯ ಮೇಲೆ ಒಬ್ಬನೇ ರ‍್ಯಾಪ್ ಮಾಡುವವನು ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳಲೇಬೇಕು. ಆ ಖಾಲಿ ಜಾಗವನ್ನು ಮೊದಲೇ ಮುದ್ರಿಸಿಟ್ಟ ದನಿ ತುಂಬುತ್ತದೆ, ಹಾಡು ಅಲ್ಲಿಗೆ ಸುಳ್ಳಾಗತೊಡಗುತ್ತದೆ. ಇಬ್ಬರಿದ್ದರೆ ಒಬ್ಬನ ಕೊನೆಯ ಪದವನ್ನು ಇನ್ನೊಬ್ಬ ಒತ್ತಿ ಹೇಳುತ್ತಾನೆ, ಆ ಹೊತ್ತಿಗೆ ಮೊದಲನೆಯವನ ಎದೆ ತುಂಬಿರುತ್ತದೆ. ಮೂರನೆಯ ಗುಣವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಬ್ಬ ಬಡಾಯಿ ಕೊಚ್ಚಿದ ಮರುಗಳಿಗೆಯಲ್ಲಿ ಇನ್ನೊಬ್ಬ ತನ್ನ ಅಂಜಿಕೆ ಹೇಳಿಕೊಳ್ಳಬಹುದು. ಹೀಗಾಗಿ ಬಡಾಯಿ ಬರೀ ಬಡಾಯಿಯಾಗಿ ಉಳಿಯುವುದಿಲ್ಲ, ಅಂಜಿಕೆಯೂ ಅಳುವಾಗಿ ಮುಗಿಯುವುದಿಲ್ಲ.

ಇದರ ಬೇರು ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿದೆ. ಅಲ್ಲಿ ಬೋಧಕ ಒಂದು ಮಾತು ಎಸೆಯುತ್ತಾನೆ, ಸಭೆ ಅದನ್ನು ಎತ್ತಿಕೊಂಡು ತಿರುಗಿ ಹಾಡುತ್ತದೆ. ಆ ಗಾಸ್ಪೆಲ್ ಹಾಡು ದೇವರನ್ನು ಬಿಟ್ಟು ಒಲವು, ವಿರಹ, ದುಡಿಮೆಯ ಕಡೆ ತಿರುಗಿದಾಗ ಸೋಲ್ ಸಂಗೀತ ಹುಟ್ಟಿತು. ಮೆಂಫಿಸ್ ನಗರದ ಸ್ಟ್ಯಾಕ್ಸ್ ಕಂಪನಿಗೆ 1960ರ ದಶಕದಲ್ಲಿ ಹಾಡಿದ ಸ್ಯಾಮ್ ಮೂರ್, ಡೇವ್ ಪ್ರೇಟರ್ ಜೋಡಿಯನ್ನು ಕೇಳಿದರೆ ಚರ್ಚಿನ ಆ ಕರೆ, ಆ ಓಗೊಡುವಿಕೆ ಹಾಗೆಯೇ ಕಿವಿಗೆ ಬೀಳುತ್ತದೆ. ಅವರ ಹೆಸರಾಂತ ಹಾಡುಗಳನ್ನು ಬರೆದವರೂ ಇಬ್ಬರೇ: ಐಸಾಕ್ ಹೇಯ್ಸ್, ಡೇವಿಡ್ ಪೋರ್ಟರ್. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಒಂದು ಪಾರ್ಟಿಯಿಂದ ಹಿಪ್‌ಹಾಪ್‌ನ ಲೆಕ್ಕ ಶುರುವಾಗುತ್ತದೆ. ಆ ಹೊಸ ಹಾಡು ಸೋಲ್ ತಟ್ಟೆಗಳ ತುಣುಕುಗಳನ್ನು ಎತ್ತಿ ತನ್ನ ತಳಪಾಯಕ್ಕೆ ಹಾಕಿಕೊಂಡಿತು. ಅಟ್ಲಾಂಟಾದ ಔಟ್‌ಕಾಸ್ಟ್ ಆ ದಾರಿಯ ತುದಿ ಮುಟ್ಟಿದ ಜೋಡಿ. ಸ್ವಭಾವದಲ್ಲಿ ಒಬ್ಬರಿಗೊಬ್ಬರು ತೀರ ಬೇರೆಯಾಗಿದ್ದ ಆ ಇಬ್ಬರು ತಂದ 2003ರ ಆಲ್ಬಮ್‌ಗೆ ಮರುವರ್ಷ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಸಿಕ್ಕಿತು.

ಸ್ವತಂತ್ರವಾಗಿ ದುಡಿಯುವ ಸೋಲ್–ಹಿಪ್‌ಹಾಪ್ ಜೋಡಿ ಎಂದಾಗ ನನ್ನ ಬಾಯಿಗೆ ಮೊದಲು ಬರುವ ಹೆಸರು ಮಾತ್ರ ‘ದ ಫಾರಿನ್ ಎಕ್ಸ್‌ಚೇಂಜ್’. ಉತ್ತರ ಕ್ಯಾರೊಲೈನಾದ ಫಾಂಟೆ ಪದ ಬರೆದು ಹಾಡುತ್ತಿದ್ದ, ಡಚ್ ನಾಡಿನ ನಿಕೊಲೇ ವಾದ್ಯ ಕಟ್ಟುತ್ತಿದ್ದ. ಸಮುದ್ರದ ಎರಡು ದಂಡೆಗಳಿಂದ ಕಂಪ್ಯೂಟರಿನಲ್ಲಿ ಕಡತ ಕಳಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, 2004ರಲ್ಲಿ ‘ಕನೆಕ್ಟೆಡ್’ ಎಂಬ ಆಲ್ಬಮ್ ತಂದರು. ರ‍್ಯಾಪ್‌ನಿಂದ ಶುರುಮಾಡಿದವರು 2008ರ ‘ಲೀವ್ ಇಟ್ ಆಲ್ ಬಿಹೈಂಡ್’ ಹೊತ್ತಿಗೆ ಹೆಚ್ಚಾಗಿ ಹಾಡುಗಾರಿಕೆಗೆ ಹೊರಳಿದರು. ದೊಡ್ಡ ಕಂಪನಿಯವರು ಒಪ್ಪಲಾರದಂಥ ಹೊರಳು ಅದು. ತಾವೇ ಯಜಮಾನರಾಗಿದ್ದರಿಂದ ಅವರು ಅದನ್ನು ಮಾಡಬಲ್ಲವರಾದರು.

ಇಷ್ಟೆಲ್ಲ ದೂರದ ಮಾತಾಯಿತು. ಪುಣೆಯ ಶನಿವಾರವಾಡೆಯ ಮುಂದೆ ಓಡಾಡುವ ನಮ್ಮಂಥ ಕನ್ನಡಿಗರಿಗೆ ಇನ್ನೊಂದು ಜೋಡಿಯ ನೆನಪಾಗಬೇಕು. ಪೇಶ್ವೆಗಳ ಕೊನೆಗಾಲದ ಪುಣೆಯಲ್ಲಿ ಹೋನಾಜಿ ಬಾಳಾ ಎಂಬ ಹೆಸರಿಗೆ ದೊಡ್ಡ ಕೀರ್ತಿಯಿತ್ತು. ಎಷ್ಟೋ ಮಂದಿ ಅದನ್ನು ಒಬ್ಬನ ಹೆಸರೆಂದು ತಿಳಿಯುತ್ತಾರೆ, ಅವರು ಇಬ್ಬರು. ಗೌಳಿ ಮನೆತನದ ಹೋನಾಜಿ ಶಿಲಾರಖಾನೆ ಪದ ಕಟ್ಟುತ್ತಿದ್ದ, ಬಾಳಾ ಕರಂಜಕರ ಹಾಡುತ್ತಿದ್ದ. ಪೇಶ್ವೆ ಎರಡನೆಯ ಬಾಜೀರಾಯ ಈ ಇಬ್ಬರಿಗೆ ಆಶ್ರಯ ಕೊಟ್ಟಿದ್ದ. ವಿ. ಶಾಂತಾರಾಮ್ 1951ರಲ್ಲಿ ಮಾಡಿದ ‘ಅಮರ ಭೂಪಾಳಿ’ ಚಿತ್ರ ಇವರದೇ ಕತೆ. ಸೊಲ್ಲಾಪುರದ ರಾಮ ಜೋಶಿಯೂ ಅದೇ ಕಾಲದವನು. ಸಂಸ್ಕೃತ ಓದಿದ ಬ್ರಾಹ್ಮಣ ತಮಾಶಾ ಆಟದ ಮೇಳದಲ್ಲಿ ನಿಂತು ಲಾವಣಿ ಹಾಡಿದ. 1818ರಲ್ಲಿ ಪೇಶ್ವೆ ಆಡಳಿತ ಮುಗಿಯಿತು, ದರ್ಬಾರಿನ ಆಸರೆಯೂ ಹೋಯಿತು. ಲಾವಣಿ ಸಾಯಲಿಲ್ಲ, ಜಾತ್ರೆಯ ಬಯಲಿಗೆ ಹೋಗಿ ಬದುಕಿಕೊಂಡಿತು. ದೊರೆ ಇಲ್ಲದಾಗ ಹಾಡನ್ನು ಕಾಯುವವರು ಕೇಳುವವರೇ. ಸ್ವತಂತ್ರ ಸಂಗೀತ ಎಂದು ನಾವು ಕರೆಯುವ ಸ್ಥಿತಿಯನ್ನು ಲಾವಣಿ ಇನ್ನೂರು ವರ್ಷಗಳ ಹಿಂದೆಯೇ ಕಂಡಿತ್ತು.

ಬಯಲಿನ ಲಾವಣಿಯ ಜೀವ ಇರುವುದು ಎರಡು ಪಕ್ಷಗಳಲ್ಲಿ. ಮರಾಠಿಯಲ್ಲಿ ಕಲ್ಗಿ–ತುರಾ, ನಮ್ಮ ಕಡೆ ಹರದೇಶಿ–ನಾಗೇಶಿ. ಹರದೇಶಿಯವರು ಶಿವ ದೊಡ್ಡವನು, ಗಂಡು ಮೇಲು ಎನ್ನಬೇಕು. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಮೇಲು ಎನ್ನಬೇಕು. ದಪ್ಪು, ತುಂತುಣಿ, ತಾಳ ಅವರ ವಾದ್ಯಗಳು. ಮುಂದಿನವನು ಪದ ಎತ್ತುತ್ತಾನೆ, ಹಿಂದಿನ ಇಬ್ಬರು ‘ಗೀಯ ಗಾ’ ಎಂದು ಎಳೆಯುತ್ತಾರೆ. ಆ ಎಳೆತದೊಳಗೇ ಮುಂದಿನವನಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲು ಹೊಳೆಯಲು ಬಿಡುವೂ ಸಿಗುತ್ತದೆ. ಒಂದು ಪಕ್ಷ ಪುರಾಣದಿಂದ ಒಂದು ಒಗಟು ಎತ್ತಿ ಸವಾಲು ಹಾಕಿದರೆ ಇನ್ನೊಂದು ಪಕ್ಷ ಅದೇ ಧಾಟಿಯಲ್ಲಿ, ಅದೇ ಪ್ರಾಸದಲ್ಲಿ ಜವಾಬು ಕೊಡಬೇಕು. ಬೆಳಗಿನ ತನಕ ನಡೆಯುತ್ತದೆ. ಸೊಲ್ಲಾಪುರದ ಗಡಿಗೆ ಹತ್ತಿಕೊಂಡ ಹಲಸಂಗಿಯ ಖಾಜಾಭಾಯಿಯಂಥ ಕವಿಗಳು ಬೆಳೆದದ್ದು ಈ ಬಯಲಿನಲ್ಲಿ. ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗ 1933ರಲ್ಲಿ ‘ಜೀವನ ಸಂಗೀತ’ ಎಂದು ಲಾವಣಿಗಳ ಸಂಕಲನ ತಂದದ್ದರಿಂದ ಅವು ಓದುವವರ ಕೈಗೂ ಬಂದವು.

ರ‍್ಯಾಪ್ ನಮ್ಮ ಲಾವಣಿಯಿಂದಲೇ ಹುಟ್ಟಿತು ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಆ ಮಾತು ನನಗೆ ಬೇಡ. ಬ್ರಾಂಕ್ಸ್‌ನ ಹುಡುಗರಿಗೆ ಹಲಸಂಗಿ ಗೊತ್ತಿರಲಿಲ್ಲ, ಅವರ ನೋವೂ ಅವರ ಹಾಡೂ ಅವರವೇ. ನಾನು ಹೇಳುವುದು ಇಷ್ಟೇ: ಎರಡು ದನಿಗಳನ್ನು ಎದುರಿಗೆ ನಿಲ್ಲಿಸುವ ವಿದ್ಯೆ ಕನ್ನಡದವರ ಕೈಯಲ್ಲಿ ಪಳಗಿ ಕೂತಿತ್ತು. ಕನ್ನಡ ರ‍್ಯಾಪ್ ಅದನ್ನು ಬಿಟ್ಟು ಬೇರೆಲ್ಲವನ್ನೂ ಎತ್ತಿಕೊಂಡಿದೆ.

ಬೆಂಗಳೂರಿನಲ್ಲಿ ಬ್ರೋಧ ವಿ, ಸ್ಮೋಕಿ ದ ಘೋಸ್ಟ್, ಬಿಗ್ ನಿಕ್ ಸೇರಿ ‘ಮಚ್ಚಾಸ್ ವಿತ್ ಆ್ಯಟಿಟ್ಯೂಡ್’ ಕಟ್ಟಿದಾಗ ಹಲವು ದನಿಗಳ ಒಂದು ಗುಂಪು ಕಂಡಿತ್ತು. ಅವರು ಹೆಚ್ಚಾಗಿ ಹಾಡಿದ್ದು ಇಂಗ್ಲಿಷಿನಲ್ಲಿ, ಆಮೇಲೆ ಒಬ್ಬೊಬ್ಬರ ದಾರಿ ಬೇರೆಯಾಯಿತು. ಕನ್ನಡದಲ್ಲಿ ಹೆಸರು ಮಾಡಿದವರು ಒಂಟಿ ಹಾಡುಗಾರರು. ಚಂದನ್ ಶೆಟ್ಟಿ ರ‍್ಯಾಪ್ ಅನ್ನು ಮದುವೆ ಮನೆಯ ಸ್ಪೀಕರಿನವರೆಗೆ ಒಯ್ದರು. ಅದು ಸಣ್ಣ ಕೆಲಸವಲ್ಲ. 2018ರಲ್ಲಿ ಕನ್ನಡದ ಬಿಗ್ ಬಾಸ್ ಗೆದ್ದ ಮೇಲಂತೂ ಊರೂರಲ್ಲಿ ಮಕ್ಕಳು ಅವರಂತೆ ಹಾಡತೊಡಗಿದರು. ಆದರೆ ಕುಡಿತದ, ಕುಣಿತದ ಹಾಡು ಎಷ್ಟು ಬೇಗ ಹಿಡಿಸುತ್ತದೋ ಅಷ್ಟೇ ಬೇಗ ಬತ್ತುತ್ತದೆ. ಆಲ್ ಓಕೆ ಎಂಬ ಅಲೋಕ್ ಹೆಚ್ಚು ಯೋಚಿಸುವವರು, ಸೋತು ಕೂತ ಹುಡುಗರ ಭುಜದ ಮೇಲೆ ಕೈಯಿಟ್ಟು ಮಾತಾಡುವವರು. ಅವರ ಹಾಡಿನಿಂದ ಧೈರ್ಯ ಪಡೆದವರು ನನ್ನ ಸುತ್ತಲೇ ಇದ್ದಾರೆ, ಅದಕ್ಕಾಗಿ ಅವರನ್ನು ಗೌರವಿಸುತ್ತೇನೆ. ಅಲ್ಲಿಯೂ ಬುದ್ಧಿ ಹೇಳುವವನೊಬ್ಬ, ಕೇಳುವವರು ಸಾವಿರ. ‘ಅಣ್ಣಾ, ನೀ ಹೇಳೂದು ತಪ್ಪು’ ಎನ್ನುವ ಒಬ್ಬ ಜೊತೆಗಾರ ಹಾಡಿನೊಳಗೆ ಇದ್ದಿದ್ದರೆ ಆ ಬುದ್ಧಿಮಾತು ಉಪದೇಶದ ಧಾಟಿ ಮೀರಿ ಬೇರೆ ಎತ್ತರಕ್ಕೆ ಹೋಗುತ್ತಿತ್ತು.

ಒಂಟಿತನದ ಕೇಡು ಭಾಷೆಯಲ್ಲೂ ಕಾಣುತ್ತದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹೀಗಾಗಿ ‘ಬರ್ತೀನಿ’ಗೆ ‘ಹೋಗ್ತೀನಿ’, ‘ಮಾಡ್ತಾರೆ’ಗೆ ‘ನೋಡ್ತಾರೆ’ ತಾನಾಗಿಯೇ ಪ್ರಾಸವಾಗುತ್ತದೆ. ದುಡಿಯದೆ ಸಿಕ್ಕ ಪ್ರಾಸಕ್ಕೆ ಬೆಲೆಯಿಲ್ಲ, ಕಿವಿ ಅದನ್ನು ಎರಡನೇ ಸಾಲಿಗೇ ಕಂಡುಹಿಡಿಯುತ್ತದೆ. ನಮ್ಮ ಹಳೆಯ ಕವಿಗಳಿಗೆ ಈ ಅಪಾಯ ಗೊತ್ತಿತ್ತೆಂದು ತೋರುತ್ತದೆ. ಅವರು ಪ್ರಾಸವನ್ನು ಸಾಲಿನ ಮೊದಲಿಗೆ, ಎರಡನೆಯ ಅಕ್ಷರಕ್ಕೆ ಕಟ್ಟಿದರು. ‘ಕವಿರಾಜಮಾರ್ಗ’ದ ಕಾಲಕ್ಕೇ ಪ್ರಾಸದ ಚರ್ಚೆ ಸೂಕ್ಷ್ಮವಾಗಿ ನಡೆದಿತ್ತು. ಲಾವಣಿಕಾರರು ಸಾಲಿನ ಹೊಟ್ಟೆಯೊಳಗೂ ಪ್ರಾಸ ತುಂಬಿದರು, ಯಾಕೆಂದರೆ ಎದುರಿಗೆ ಕೂತವನು ಸಡಿಲ ಸಾಲನ್ನು ಹಿಡಿದು ಸಭೆಯಲ್ಲಿ ನಗೆಗೀಡು ಮಾಡುತ್ತಿದ್ದ. ಕನ್ನಡದ ಇಂದಿನ ರ‍್ಯಾಪರ್‌ಗೆ ಆ ಭಯವಿಲ್ಲ. ವಿಡಿಯೊ ಕೆಳಗೆ ಬೀಳುವ ಹೃದಯದ ಗುರುತುಗಳು ಸಡಿಲ ಸಾಲನ್ನು ತಿದ್ದುವುದಿಲ್ಲ. ವಿಜಯಪುರ, ಬಾಗಲಕೋಟೆಯ ಆಡುಮಾತನ್ನು ಗಮನಿಸಿ: ‘ಬಂದಾನ’, ‘ಹೊಂಟೀನಿ’, ‘ಅಂದ್ಕೊಂಡಿ ಏನ್’. ಒತ್ತು ಎಲ್ಲಿ ಬೇಕೋ ಅಲ್ಲಿ ಬೀಳುತ್ತದೆ, ಪದಗಳು ತಾಳದ ಒಳಗೆ ಸಲೀಸಾಗಿ ಮಡಚಿಕೊಳ್ಳುತ್ತವೆ. ರ‍್ಯಾಪ್‌ಗೆ ಇದಕ್ಕಿಂತ ಹದವಾದ ಕನ್ನಡ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಆ ಕನ್ನಡ ಇನ್ನೂ ಈ ಹಾಡಿನ ನಡುಮನೆಗೆ ಬಂದಿಲ್ಲ.

ನಾನು ಮೆಚ್ಚಿದ ಜೋಡಿಯಲ್ಲೂ ದೋಷವಿದೆ, ಅದನ್ನು ಮುಚ್ಚಿಟ್ಟರೆ ಅಭಿಮಾನಕ್ಕೆ ಮರ್ಯಾದೆಯಿಲ್ಲ. ಸೀಧೇ ಮೌತ್‌ನಲ್ಲಿ, ಸ್ಟ್ಯಾನ್‌ನಲ್ಲಿ ಬೈಗುಳ ಧಾರಾಳ, ಆ ಬೈಗುಳದ ಪೆಟ್ಟು ತಾಯಿಗೆ, ತಂಗಿಗೆ ಬೀಳುತ್ತದೆ. ಬೀದಿಯ ಮಾತು ಹೀಗೇ ಇರುತ್ತದೆ ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ಇಷ್ಟು ಪದಸಂಪತ್ತಿರುವ ಹುಡುಗರಿಗೆ ಬೇರೆ ಪೆಟ್ಟು ಗೊತ್ತಿಲ್ಲ ಎಂದರೆ ನಂಬಲಾಗದು. ಲಾವಣಿಯೂ ಈ ವಿಷಯದಲ್ಲಿ ಶುದ್ಧವೇನಲ್ಲ, ಹೆಣ್ಣನ್ನು ಹೀಗಳೆಯುವ ಹರದೇಶಿ ಪದಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಒಂದು ವ್ಯವಸ್ಥೆಯಿತ್ತು. ಹೆಣ್ಣನ್ನು ಹಳಿದ ಕೂಡಲೇ ಹೆಣ್ಣಿನ ಪಕ್ಷದವರು ಎದ್ದು ನಿಲ್ಲುತ್ತಿದ್ದರು. ಇವತ್ತು ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಾಗೇಶಿ ಮೇಳವನ್ನು ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸುತ್ತಾರೆ, ಸಾವಿರಾರು ಗಂಡಸರ ಮುಂದೆ ಗಂಡಸಿನ ಸೊಕ್ಕಿಗೆ ಹಾಡಿನಲ್ಲೇ ಜವಾಬು ಕೊಡುತ್ತಾರೆ. ಭಾರತದ ಹಿಪ್‌ಹಾಪ್‌ನ ಹೆಸರಾಂತ ಜೋಡಿಗಳಲ್ಲಿ ಗಂಡು–ಹೆಣ್ಣು ಸಮನಾಗಿ ಎದುರುಬದುರಾದದ್ದು ಎಲ್ಲಿದೆ? ತಮಿಳಿನಲ್ಲಿ 2021ರಲ್ಲಿ ಧೀ, ಅರಿವು ಹಾಡಿದ ‘ಎಂಜಾಯ್ ಎಂಜಾಮಿ’ ಆ ಬಾಗಿಲು ತುಸು ತೆರೆಯಿತು. ಆಕೆಯ ಹಾಡುಗಾರಿಕೆ, ಆತನ ರ‍್ಯಾಪ್ ಎರಡೂ ಸೇರಿದಾಗಲೇ ನೆಲ ಕಳೆದುಕೊಂಡ ದುಡಿಮೆಗಾರರ ಕತೆ ಲೋಕದ ಕಿವಿಗೆ ಬಿತ್ತು. ಸೋಲ್ ಮತ್ತು ಹಿಪ್‌ಹಾಪ್ ಒಂದೇ ಚಾವಣಿಯ ಕೆಳಗೆ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದಕ್ಷಿಣದ ಸಾಕ್ಷಿ ಅದು.

ಪುಣೆಯಲ್ಲಿ ಕನ್ನಡದ ಸಂಗೀತ ಎಂದರೆ ಭೀಮಸೇನ ಜೋಶಿಯವರ ಹೆಸರು, 1953ರಿಂದ ನಡೆದುಬಂದ ಸವಾಯಿ ಗಂಧರ್ವ ಮಹೋತ್ಸವದ ಹೆಸರು. ಗದಗದ ಆ ದನಿಗೆ ಈ ಊರು ಮನೆಯಾಯಿತು ಎಂಬ ಹೆಮ್ಮೆ ನನಗೂ ಇದೆ. ಇದೇ ಊರಿನಲ್ಲಿ 2010ರಲ್ಲಿ ಎನ್‌ಎಚ್7 ವೀಕೆಂಡರ್ ಶುರುವಾಗಿ ದೇಶದ ಸ್ವತಂತ್ರ ಹಾಡುಗಾರರಿಗೆ ಬಯಲು ಸಿಕ್ಕಿತು. ಕನ್ನಡದ ಎಷ್ಟೋ ಹುಡುಗರು ಹಿಂಜೆವಾಡಿಯ ಕಂಪನಿಗಳಲ್ಲಿ, ಪಿಂಪ್ರಿ–ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುತ್ತ ಇಯರ್‌ಫೋನಿನಲ್ಲಿ ಹಿಂದಿ ರ‍್ಯಾಪ್ ಕೇಳುತ್ತಾರೆ. ಅವರಲ್ಲಿ ಬರೆಯುವವರಿದ್ದಾರೆ, ಬರೆದದ್ದನ್ನು ಫೋನಿನಲ್ಲೇ ಇಟ್ಟುಕೊಂಡವರೂ ಇದ್ದಾರೆ. ಅವರಿಗೆ ನನ್ನ ಮಾತು: ಒಬ್ಬರೇ ಹಾಡಬೇಡಿ, ನಿಮ್ಮನ್ನು ಒಪ್ಪದ ಒಬ್ಬರನ್ನು ಜೊತೆಗೆ ಕಟ್ಟಿಕೊಳ್ಳಿ. ಆ ಒಬ್ಬರು ಧಾರವಾಡದಲ್ಲಿದ್ದರೂ ಆದೀತು, ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು. ಪುಣೆಯ ಕನ್ನಡ ಸಂಘಟಕರಲ್ಲಿ ಒಂದು ಕೋರಿಕೆ: ಮುಂದಿನ ರಾಜ್ಯೋತ್ಸವಕ್ಕೆ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಬದಲು ಇಂಡಿ, ಚಡಚಣದ ಕಡೆಯಿಂದ ಒಂದು ಹರದೇಶಿ–ನಾಗೇಶಿ ಮೇಳ ಕರೆಸಿ, ಅದೇ ಸಂಜೆ ಅದೇ ವೇದಿಕೆಯಲ್ಲಿ ಈ ಹುಡುಗ ಹುಡುಗಿಯರಿಗೂ ಒಂದು ಗಂಟೆ ಕೊಡಿ.