‘ಕವಲು’ ಕಾಣದ ನ್ಯಾಯಾಲಯ

ಎಸ್.ಎಲ್. ಭೈರಪ್ಪನವರ ‘ಕವಲು’ ಕಾದಂಬರಿ 2010ರಲ್ಲಿ ಪ್ರಕಟವಾದಾಗ ಕನ್ನಡದ ಓದುಗವಲಯ ಎರಡು ಪಾಳಯಗಳಾಗಿ ಒಡೆಯಿತು. ಸ್ತ್ರೀಯರ ರಕ್ಷಣೆಗೆಂದು ರಚಿತವಾದ ಕಾನೂನುಗಳೇ ಮನೆ ಮುರಿಯುವ ಆಯುಧಗಳಾಗುತ್ತಿವೆ ಎಂಬ ಅದರ ಪ್ರತಿಪಾದನೆಯನ್ನು ಕೆಲವರು ದಿಟ್ಟ ಸತ್ಯವೆಂದರು, ಕೆಲವರು ಸ್ತ್ರೀದ್ವೇಷವೆಂದರು. ಲೇಖಕರು 2025ರಲ್ಲಿ ನಮ್ಮನ್ನಗಲಿದ ಮೇಲೆ ಕೃತಿಯನ್ನು ಮತ್ತೊಮ್ಮೆ ಓದುವಾಗ ಬೇರೊಂದು ಪ್ರಶ್ನೆ ಏಳುತ್ತದೆ: ಈ ಕಾದಂಬರಿ ಕುಟುಂಬ ಕಾನೂನಿನ ಎಷ್ಟು ಭಾಗವನ್ನು ಕಂಡಿದೆ?

ಕಂಡದ್ದು ಸುಳ್ಳಲ್ಲ. ಮಂಗಳೆಯ ದೂರಿನಿಂದ ಜಯಕುಮಾರ ಪೊಲೀಸರ ವಶವಾಗುವ ಪ್ರಸಂಗ ಓದುಗನನ್ನು ಕಲಕುತ್ತದೆ. ದಂಡ ಸಂಹಿತೆಗೆ 1983ರಲ್ಲಿ ಸೇರಿದ 498ಎ ಕಲಮಿನಡಿ, ದೂರು ಬಂದೊಡನೆ ಬಂಧಿಸುವ ಪರಿಪಾಠವನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ತಡೆಯಿತು. ಬಂಧನ ಏಕೆ ಅಗತ್ಯವೆಂಬುದನ್ನು ಪೊಲೀಸರು ಬರೆದಿಡಬೇಕೆಂದು ವಿಧಿಸಿತು. ನ್ಯಾಯಾಲಯಕ್ಕಿಂತ ನಾಲ್ಕು ವರ್ಷ ಮೊದಲೇ ಆ ನೋವಿಗೆ ದನಿ ಕೊಟ್ಟ ಹಿರಿಮೆ ಕಾದಂಬರಿಗೆ ಸಲ್ಲಬೇಕು.

ಆದರೆ ಕಾಣದೆ ಬಿಟ್ಟದ್ದು ದೊಡ್ಡದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಂಥ ಊರಿನಿಂದ ಬೆಂಗಳೂರಿಗೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳು ಕೂಸನ್ನೆತ್ತಿಕೊಂಡು ತವರಿಗೆ ಮರಳಿದಳೆಂದು ಭಾವಿಸೋಣ. ಅವಳ ಮೊದಲ ಚಿಂತೆ ಗಂಡನನ್ನು ಸೆರೆಗೆ ಕಳಿಸುವುದಲ್ಲ, ಕೂಸಿನ ಹಾಲಿನದು. ಕಾನೂನಿನ ಈ ಮುಖ ಕಾದಂಬರಿಯಲ್ಲಿ ಮಸುಕಾಗಿದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿ 2001ರವರೆಗೂ ಜೀವನಾಂಶದ ಮಿತಿ ತಿಂಗಳಿಗೆ 500 ರೂಪಾಯಿ ಮಾತ್ರವಿತ್ತು! ಇಂದು ಆ ಮಿತಿಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಇದೇ ಹಕ್ಕನ್ನು ಮುಂದುವರಿಸಿದೆ. ಅರ್ಜಿ ಹಾಕಲು ಆಕೆ ಬೆಂಗಳೂರಿಗೆ ಅಲೆಯಬೇಕಿಲ್ಲ, ತಾನು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಗಂಡಹೆಂಡಿರಿಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಅಫಿಡವಿಟ್ಟಿನಲ್ಲಿ ಹೇಳಬೇಕೆಂದೂ ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ 2020ರ ರಜನೀಶ್–ನೇಹಾ ತೀರ್ಪು ಹೇಳಿದೆ. ಆದಾಯ ಮುಚ್ಚಿಡುವ ಗಂಡ, ಉತ್ಪ್ರೇಕ್ಷಿಸುವ ಹೆಂಡತಿ ಇಬ್ಬರಿಗೂ ಇದು ಕಡಿವಾಣ.

ಅನೇಕ ದಾಂಪತ್ಯಗಳು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂಬುದನ್ನೂ ಕಾದಂಬರಿ ಗಮನಿಸಿಲ್ಲ. ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬರೆದು, ಒಂದಿಷ್ಟು ಹಣ ಕೊಟ್ಟು ‘ಮುಗಿಯಿತು’ ಎನ್ನುತ್ತೇವೆ. 1869ರ ವಿಚ್ಛೇದನ ಕಾಯ್ದೆಗೆ ಒಳಪಡುವ ನಮ್ಮ ಕುಟುಂಬಗಳಲ್ಲಿ ಅಂಥ ಕಾಗದದಿಂದ ಮದುವೆ ಮುಗಿಯುವುದಿಲ್ಲ. 2001ರ ತಿದ್ದುಪಡಿ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶ ಕೊಟ್ಟಿದೆಯಾದರೂ ಅದಕ್ಕೂ ನ್ಯಾಯಾಲಯದ ಡಿಕ್ರಿ ಬೇಕು. ಇಲ್ಲಿ ಸೋಲುವವರು ಯಾರು? ಹೆಚ್ಚಾಗಿ, ಓದು ಕಡಿಮೆಯಿರುವ, ಕೈಯಲ್ಲಿ ಕಾಸಿಲ್ಲದ ಪಕ್ಷದವರು.

ಕಾದಂಬರಿಕಾರನಿಗೆ ಎಲ್ಲವನ್ನೂ ಹೇಳುವ ಹೊಣೆಯಿಲ್ಲ, ನಿಜ. ಆದರೆ ವ್ಯಕ್ತಿಗಳ ಕಥೆಯನ್ನು ಕಾನೂನಿನ ವಿಮರ್ಶೆಯಾಗಿ ಮುಂದಿಟ್ಟಾಗ ಕೃತಿಯ ಹೊಣೆ ಹೆಚ್ಚುತ್ತದೆ, ಓದುಗನದೂ ಹೆಚ್ಚುತ್ತದೆ. ‘ಕವಲು’ ಓದಿ ಮುಗಿಸಿದವರಿಗೆ ತವರಿಗೆ ಮರಳಿದ ಪ್ರತಿ ಹೆಣ್ಣೂ ಮಂಗಳೆಯಾಗಿ ಕಂಡರೆ ಅದು ಅನ್ಯಾಯ. ದೂರಿಗೊಳಗಾದ ಪ್ರತಿ ಗಂಡೂ ಕ್ರೂರಿಯೆಂದು ಭಾವಿಸುವುದೂ ಅಷ್ಟೇ ಅನ್ಯಾಯ. ಧರ್ಮಕೇಂದ್ರದ ಹಿರಿಯರು ಸಂಧಾನಕ್ಕೆ ಕುಳಿತಾಗ ಕಥೆಯ ಪಾತ್ರಗಳನ್ನು ಬದಿಗಿರಿಸಿ ಎದುರಿರುವ ಇಬ್ಬರ ಮಾತನ್ನೂ ಕೇಳಲಿ. ಮಾತು ಬಾರದ ಕೂಸಿನ ಪರವಾಗಿ ಮೊದಲು ಕೇಳಲಿ.