ನಕಲಾದ ಕಡತ, ಓದಲಾಗದ ಕನ್ನಡ

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಕಡತಗಳನ್ನು ಸಾಗಿಸುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಪೆನ್ ಡ್ರೈವಿಗೆ ಕಾಪಿ ಮಾಡಿ, ಹೊಸದರಲ್ಲಿ ಪೇಸ್ಟ್ ಮಾಡಿ. ಛಾಯಾಚಿತ್ರಗಳಿಗೆ, ಇಂಗ್ಲಿಷಿನಲ್ಲಿ ಬರೆದ ಪತ್ರಗಳಿಗೆ ಈ ಉತ್ತರ ಸಾಕು. ಕನ್ನಡದ ಹಳೆಯ ಕಡತಗಳಿಗೆ ಸಾಲದು. ಏಕೆ ಸಾಲದು, ಹೊಣೆ ಯಾರದು, ಈಗ ನೀವು ಮಾಡಬಹುದಾದದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ವಿಷಯ ತುರ್ತಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶ ಹಳೆಯ ಅನೇಕ ಕಂಪ್ಯೂಟರುಗಳಲ್ಲಿ ಇಲ್ಲ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆಗಳಿವೆ, ಅಂಕಪಟ್ಟಿಗಳಿವೆ. ರೇಷ್ಮೆ ಸಾಕಣೆಯ ಬಗ್ಗೆ, ಚನ್ನಪಟ್ಟಣದ ಬೊಂಬೆಗಳ ಬಗ್ಗೆ ಮಕ್ಕಳು ಬರೆದ ವರದಿಗಳಿವೆ. ಎಲ್ಲವೂ ಕನ್ನಡದಲ್ಲಿ, ನುಡಿ ಫಾಂಟಿನಲ್ಲಿ. ಇವನ್ನು ಹೊಸ ಕಂಪ್ಯೂಟರಿಗೆ ಕಾಪಿ ಮಾಡಿದರೆ ಏನಾಗುತ್ತದೆ?

ಮೂಟೆ ಮತ್ತು ಮರ

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕಡತವೆಂದರೆ ಮೂಟೆ ಕಟ್ಟಿದ ರಾಗಿ. ಒಂದು ಮನೆಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಬಹುದು. ಪ್ರೋಗ್ರಾಂ ಬೇರು ಬಿಟ್ಟ ತೆಂಗಿನ ಮರ. ಅದರ ಫೋಲ್ಡರ್ ನಮಗೆ ಕಾಣುವ ಕಾಂಡ ಮಾತ್ರ. ಅನುಸ್ಥಾಪನೆಯ ವೇಳೆಯಲ್ಲಿ ಅದು ವಿಂಡೋಸಿನ ರಿಜಿಸ್ಟ್ರಿಯಲ್ಲಿ ದಾಖಲೆಗಳನ್ನು ಬರೆದಿರುತ್ತದೆ, ಸಿಸ್ಟಮ್ ಫೋಲ್ಡರಿನಲ್ಲಿ ಸಹಾಯಕ ಕಡತಗಳನ್ನು ಇಟ್ಟಿರುತ್ತದೆ. ಕೆಲವು ಪ್ರೋಗ್ರಾಂಗಳ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದಿರುತ್ತದೆ. ಆದ್ದರಿಂದ ಫೋಲ್ಡರನ್ನು ಕಾಪಿ ಮಾಡಿದರೆ ಪ್ರೋಗ್ರಾಂ ಬಹಳ ಸಲ ಓಡುವುದಿಲ್ಲ, ಮೂಲ ಸಿ.ಡಿ.ಯಿಂದಲೋ ಅಂತರಜಾಲದಿಂದಲೋ ಹೊಸದಾಗಿ ಅನುಸ್ಥಾಪಿಸಬೇಕು. ಅದೂ ಎಲ್ಲ ಸಲ ಸಾಧ್ಯವಿಲ್ಲ. ವಿಂಡೋಸ್ 11 ಕೇವಲ 64 ಬಿಟ್ ವ್ಯವಸ್ಥೆ; ಹಳೆಯ 16 ಬಿಟ್ ಪ್ರೋಗ್ರಾಂಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

ಇಷ್ಟು ತಿಳಿದವರು ಹೇಳುವುದು: ಪ್ರೋಗ್ರಾಂ ಹೋದರೆ ಹೋಗಲಿ, ಕಡತ ಉಳಿಯಿತಲ್ಲ. ಕನ್ನಡದ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ನಮ್ಮ ಹಳೆಯ ಕಡತಗಳಲ್ಲಿ ಇರುವುದು ಕನ್ನಡವೇ ಅಲ್ಲ.

ಕಂಪ್ಯೂಟರಿಗೆ ಕಂಡ ಕನ್ನಡ

ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಟೈಪು ಮಾಡಿ, ಆ ಪದವನ್ನು ಆಯ್ದು, ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ. ತೆರೆಯ ಮೇಲೆ ಕಾಣುವುದು ಹೀಗೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಕಡತದಲ್ಲಿ ದಾಖಲಾಗಿರುವುದು 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. 80 ಎಂದರೆ 'ಕ'ದ ದೇಹ, 192 ಎಂದರೆ ತಲೆಕಟ್ಟು. ಅಂದರೆ ಅಕ್ಷರಗಳನ್ನಲ್ಲ, ಅಕ್ಷರದ ಚೂರುಗಳ ಆಕಾರವನ್ನು ಕಡತದಲ್ಲಿ ಇಟ್ಟಿದ್ದೇವೆ. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ.

ಯೂನಿಕೋಡಿನಲ್ಲಿ ಇದೇ ಪದ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು: ಕ, ನ, ವಿರಾಮ ಚಿಹ್ನೆ, ನ, ಡ. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಅವು ಬೇರೆ ಯಾವ ಲಿಪಿಗೂ ಸೇರಿದವಲ್ಲ. ಫಾಂಟ್ ಯಾವುದೇ ಇರಲಿ, 3221 ಎಂದರೆ 'ಕ'.

'ಹೊಸ ಕಂಪ್ಯೂಟರಿನಲ್ಲೂ ನುಡಿ ಫಾಂಟ್ ಹಾಕಿಕೊಂಡರೆ ಆಯಿತಲ್ಲ?' ಎಂದು ನೀವು ಕೇಳಬಹುದು. ಆ ಯಂತ್ರದಲ್ಲಿ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ನಿಜ. ಆದರೆ ವಿದ್ಯಾರ್ಥಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿ. 'ಯ' ಅಕ್ಷರ ಇಂಗ್ಲಿಷಿನ ಎ ಸ್ಥಾನದಿಂದಲೂ 'ಅ' ಅಕ್ಷರ ಸಿ ಸ್ಥಾನದಿಂದಲೂ ಆರಂಭವಾಗುವುದರಿಂದ, ಯಶೋದ ಅನಸೂಯಳಿಗಿಂತ ಮೊದಲು ಬರುತ್ತಾಳೆ! 'ವ' ಹುಡುಕಿದರೆ 'ಮ' ಕೂಡ ಸಿಗುತ್ತದೆ, ಏಕೆಂದರೆ 'ವ'ಕ್ಕೆ ಒಂದು ಚೂರು ಸೇರಿಸಿ 'ಮ' ಮಾಡಲಾಗಿದೆ. ಮೊಬೈಲಿಗೆ ಕಳುಹಿಸಿದರೆ ಬರಿಯ ಗೋಜಲು. ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿರುವ ದೃಷ್ಟಿಹೀನ ವಿದ್ಯಾರ್ಥಿಗಂತೂ ಆ ಕಡತ ಇದ್ದೂ ಇಲ್ಲದಂತೆ.

ಹೊಣೆ ಯಾರದು?

ಈ ತಂತ್ರವನ್ನು ರೂಪಿಸಿದವರನ್ನು ದೂರುವುದು ನ್ಯಾಯವಲ್ಲ. ಆಗಿನ ಕಾರ್ಯಾಚರಣ ವ್ಯವಸ್ಥೆಗಳಿಗೆ ಒತ್ತಕ್ಷರ ಜೋಡಿಸುವುದು ತಿಳಿದಿರಲಿಲ್ಲ. ಒಂದು ಫಾಂಟಿನ ಸುಮಾರು 200 ಸ್ಥಾನಗಳಲ್ಲಿ ಇಡೀ ಕನ್ನಡವನ್ನು ಕೂರಿಸಿದ್ದು ಜಾಣ್ಮೆಯ ಕೆಲಸ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಆಮೇಲೆ ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ಸಿದ್ಧಪಡಿಸಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವುಗಳ ಮೂಲಕ ಊರೂರಿಗೂ ತಲುಪಿತು. ಸಾವಿರಾರು ಶಿಕ್ಷಕರು ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಇವುಗಳಿಂದಲೇ.

ಟೀಕೆಗೆ ಅರ್ಹವಾದದ್ದು ನಂತರದ ವಿಳಂಬ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಂದಿಗೆ ಬಂತು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು 2012ರಲ್ಲಿ. ನಡುವಿನ ಹನ್ನೊಂದು ವರ್ಷಗಳಲ್ಲಿ ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಹಳೆಯ ಸಂಕೇತದ ಕಡತಗಳು ಬೆಳೆಯುತ್ತಲೇ ಹೋದವು. ನುಡಿ, ಬರಹಗಳ ನಂತರದ ಆವೃತ್ತಿಗಳಲ್ಲಿ ಯೂನಿಕೋಡ್ ಸೌಲಭ್ಯ ಬಂದರೂ ಹಳೆಯ ರೂಢಿ ಬಿಡಲಿಲ್ಲ. 'ನುಡಿಯಲ್ಲಿ ಟೈಪು ಮಾಡಿ' ಎಂಬ ಸೂಚನೆಯಲ್ಲಿ ಯಾವ ಸಂಕೇತದಲ್ಲಿ ಎಂಬ ಮಾತೇ ಇರುವುದಿಲ್ಲ. ಟೈಪು ಮಾಡುವುದನ್ನು ಕಲಿಸಿ, ಟೈಪು ಮಾಡಿದ್ದು ಏನಾಗಿ ಉಳಿಯುತ್ತದೆ ಎಂಬುದನ್ನು ಕಲಿಸದ ಶಿಕ್ಷಣ ಅರ್ಧ ಶಿಕ್ಷಣ.

ನೀವು ಏನು ಮಾಡಬೇಕು?

ಮೊದಲನೆಯದಾಗಿ, ಹಳೆಯ ಕಂಪ್ಯೂಟರನ್ನು ವಿಲೇವಾರಿ ಮಾಡಬೇಡಿ. ಹಳೆಯ ಫಾಂಟುಗಳೂ ತಂತ್ರಾಂಶವೂ ಜೀವಂತವಾಗಿರುವುದು ಅಲ್ಲಿಯೇ. ಇದ್ದ ಕಡತಗಳನ್ನು ಇದ್ದಂತೆಯೇ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ತಾಳೆ ನೋಡಿ. ಫಾಂಟ್ ಕಡತಗಳನ್ನೂ ಜೊತೆಗೆ ಇಡಿ.

ಎರಡನೆಯದಾಗಿ, ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ. ಇಲ್ಲಿ ಒಂದು ಎಚ್ಚರಿಕೆ. 80 ಎಂಬ ಸಂಖ್ಯೆ ಇಂಗ್ಲಿಷಿನ ಪಿ ಆಗಿರಬಹುದು, 'ಕ'ದ ದೇಹವೂ ಆಗಿರಬಹುದು. ಯಾವುದೆಂದು ಹೇಳುವುದು ಅದಕ್ಕೆ ಹಚ್ಚಿದ ಫಾಂಟಿನ ಹೆಸರು ಮಾತ್ರ. ಕಡತವನ್ನು ಸಾದಾ ಪಠ್ಯವಾಗಿ ಉಳಿಸಿದರೆ ಆ ಹೆಸರು ಅಳಿಸಿಹೋಗಿ, ನಡುವೆ ಬರುವ ಇಂಗ್ಲಿಷ್ ಪದಗಳೂ ರಾಸಾಯನಿಕ ಸೂತ್ರಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆದ್ದರಿಂದ ಫಾಂಟ್ ಮಾಹಿತಿ ಇರುವ ವರ್ಡ್ ಕಡತದಿಂದಲೇ, ಅದನ್ನು ಗಮನಿಸುವ ಪರಿವರ್ತಕದಿಂದಲೇ ಬದಲಿಸಬೇಕು.

ಮೂರನೆಯದಾಗಿ, ಪಿಡಿಎಫ್ ಮಾಡಿಟ್ಟೆವೆಂದು ನೆಮ್ಮದಿಯಾಗಿರಬೇಡಿ. ಫಾಂಟ್ ಒಳಗೇ ಸೇರಿರುವುದರಿಂದ ಪುಟ ಚೆನ್ನಾಗಿ ಕಾಣುತ್ತದೆ, ಆದರೆ ಒಳಗಿರುವ ಪಠ್ಯ ಹಳೆಯ ಸಂಕೇತದ್ದೇ. ಓದಲು ಅದು ಸಾಕು, ತಿದ್ದಲು ಸಾಲದು.

ಕೊನೆಯದಾಗಿ, ಬದಲಿಸಿದ ಕಡತವನ್ನು ಮನುಷ್ಯರು ಓದಬೇಕು. ಅರ್ಕಾವೊತ್ತು, ಅಂಕಿಗಳು, ವಿದ್ಯಾರ್ಥಿಗಳ ಹೆಸರುಗಳು, ಜನ್ಮದಿನಾಂಕಗಳನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು. ಒಂದು ತರಗತಿಗೆ ಇದೇ ಯೋಜನಾಕಾರ್ಯವಾಗಬಹುದು: ಪ್ರತಿ ವಿದ್ಯಾರ್ಥಿಗೆ ಹತ್ತು ಪುಟ ಕೊಡಿ, ಸಿಕ್ಕ ದೋಷಗಳನ್ನು ಪಟ್ಟಿ ಮಾಡಿಸಿ. ಯಾವ ಅಕ್ಷರ ಪದೇ ಪದೇ ಕೆಡುತ್ತದೆ, ಏಕೆ ಕೆಡುತ್ತದೆ ಎಂದು ಅವರೇ ಕಂಡುಹಿಡಿಯಲಿ. ಪರಿಶೀಲನೆ ಮುಗಿದು, ಕಡತಗಳು ಹೊಸ ಕಂಪ್ಯೂಟರಿನಲ್ಲೂ ಒಂದು ಮೊಬೈಲಿನಲ್ಲೂ ಸರಿಯಾಗಿ ತೆರೆದುಕೊಂಡ ಮೇಲೆ ಹಳೆಯ ಯಂತ್ರವನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಕಳುಹಿಸಿ. ಅಲ್ಲಿಯವರೆಗೆ ಅದಕ್ಕೆ ಪ್ರಯೋಗಾಲಯದ ಒಂದು ಮೂಲೆ ಇರಲಿ.