ದೊಡ್ಡಿಯಲ್ಲೇ ಸಿಗುವ ಟಗರು

ಪ್ರದರ್ಶನಕ್ಕೆ ನಿಲ್ಲಿಸುವಂಥ ಟಗರು ಬೇಕು, ಕೈಯಲ್ಲಿ ದುಡ್ಡು ಕಡಿಮೆ. ಇಂಥವರು ಸಂತೆಗೆ ಹೋಗಿ ಬೆಳೆದು ನಿಂತ ಟಗರಿಗೆ ದರ ಕೇಳುವುದೇ ತಪ್ಪು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರಿಗಂತೂ ಆ ದಾರಿಯ ಅಗತ್ಯವೇ ಇಲ್ಲ. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊದ ತಳಿಪಟ್ಟಿಯಲ್ಲಿ ಬಳ್ಳಾರಿ, ಹಾಸನ, ಮಂಡ್ಯ ಕುರಿಗಳ ಸಾಲಿನಲ್ಲೇ ಕೆಂಗುರಿಯೂ ಇದೆ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಕಡೆಯ ಗುಡ್ಡಗಳೇ ಅದರ ತವರು. ಮಸ್ಕಿ ಬೇರೆ ತಾಲ್ಲೂಕಾದದ್ದು ಮೊನ್ನೆ ಮೊನ್ನೆ, ಕುರಿಗೆ ಆ ಗಡಿ ಗೊತ್ತಿಲ್ಲ.

ಸಂತೆಯಲ್ಲಿ ದರ ಏರುವುದು ಬಣ್ಣಕ್ಕೆ, ಕೊಂಬಿಗೆ, ಬಕ್ರೀದಿನ ಹತ್ತಿರಕ್ಕೆ. ಕುರ್ಬಾನಿಗೆ ಸಾಮಾನ್ಯವಾಗಿ ವರ್ಷ ತುಂಬಿದ, ಊನವಿಲ್ಲದ, ಕೊಂಬು ಮುರಿಯದ ಟಗರು ಬೇಕು. ಪ್ರದರ್ಶನಕ್ಕೂ ಅಂಥದ್ದೇ ಬೇಕು. ಒಂದೇ ಟಗರಿನ ಮೇಲೆ ಇಬ್ಬರ ಕಣ್ಣು ಬಿದ್ದರೆ ಬಡವನ ಕೈ ತಪ್ಪುವುದು ಸಹಜ. ಕಡುಗೆಂಪಿಗೆ ಹೆಚ್ಚು ದುಡ್ಡು ಸುರಿಯುವುದೂ ಅಷ್ಟೇ ವ್ಯರ್ಥ. ಕೆಂಗುರಿ ಎಂದರೆ ಹೆಚ್ಚಾಗಿ ಕಡುಗಂದು, ತೆಂಗಿನಕಾಯಿ ಬಣ್ಣವೇ. ಆದರೆ ಬಿಳಿಯಿಂದ ಕಪ್ಪಿನವರೆಗೆ, ಮಚ್ಚೆಯವೂ ಇದೇ ತಳಿಯಲ್ಲಿ ಹುಟ್ಟುತ್ತವೆ. ಬೆನ್ನು ಬಾಗಿದ್ದರೆ ಯಾವ ಕೆಂಪೂ ಅದನ್ನು ಮುಚ್ಚಲಾರದು. ಹಾಗಾಗಿ ಹಾಲುಹಲ್ಲಿನ ಮರಿಯನ್ನೇ, ಅದೂ ಹಿಂಡಿನಲ್ಲೇ ಕೊಳ್ಳಬೇಕು. ಸಂತೆಯ ಮರಿ ಒಂಟಿಯಾಗಿ ಬರುತ್ತದೆ, ದಲ್ಲಾಳಿ ಹೇಳಿದ್ದೇ ಅದರ ವಂಶ. ದೊಡ್ಡಿಯಲ್ಲಾದರೆ ಅದರ ತಾಯಿ ಕಣ್ಣೆದುರಿಗೇ ಇರುತ್ತದೆ. ಬೀಜದ ಟಗರು ಅಲ್ಲೇ ನಿಂತಿರುತ್ತದೆ, ಹೋದ ವರ್ಷದ ಮರಿಗಳು ಹೇಗೆ ಬೆಳೆದಿವೆ ಎಂಬುದೂ ಕಾಣುತ್ತದೆ. ದುಡ್ಡಿನ ಕೊರತೆಯನ್ನು ತುಂಬಬಲ್ಲದ್ದು ಈ ಸಾಕ್ಷಿಯೇ.

ಮರಿ ಮುಂದೆ ಹೇಗಾಗುತ್ತದೋ ಯಾರಿಗೆ ಗೊತ್ತು ಎನ್ನುವವರಿದ್ದಾರೆ. ಆ ಮಾತು ಅರ್ಧ ನಿಜ, ಕೊಂಬಿನ ಸುರುಳಿಯನ್ನು ಮರಿಯಲ್ಲಿ ಊಹಿಸಲಾಗದು. ಆದರೆ ಕೆಳಹಲ್ಲು ಮೇಲ್ದವಡೆಗೆ ಕೂಡುತ್ತದೆಯೇ, ಮುಂಗಾಲ ನಡುವೆ ಎದೆ ಅಗಲವಿದೆಯೇ, ವೃಷಣ ಎರಡೂ ಇಳಿದು ಸಮನಾಗಿವೆಯೇ ಎಂಬುದು ಆಗಲೇ ಗೊತ್ತಾಗುತ್ತದೆ. ಸಾಕುವ ಖರ್ಚೇ ಟಗರಿನ ಬೆಲೆ ಮುಟ್ಟುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಮೇವನ್ನೆಲ್ಲ ಕೊಳ್ಳುವವರಿಗೆ ಅದು ಸರಿಯೇ. ಆದರೆ ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಮನೆಯಲ್ಲಿ ತೊಗರಿ ಹೊಟ್ಟು, ಶೇಂಗಾ ಹೊಟ್ಟು ಹೊಲದಿಂದಲೇ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರಿನಲ್ಲಿ ಬತ್ತದ ಹುಲ್ಲು ರಾಶಿ ಇದ್ದರೂ ಅದೊಂದರಿಂದಲೇ ಟಗರು ಮೈದುಂಬುವುದಿಲ್ಲ. ಅಲ್ಲಿಯವರು ಹಿಂಡಿಗೂ ಕಾಳಿಗೂ ಮೊದಲೇ ಲೆಕ್ಕ ಇಡಬೇಕು. ಕಾಳಗದಲ್ಲಿ ಗೆದ್ದ ವಂಶ ಎಂದು ಬೆಲೆ ಏರಿಸುವವರ ಮಾತಿಗೆ ಕಿವಿಗೊಡಬೇಕಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಆ ಕಾಳಗವೇ ಅಪರಾಧ, ಹಣೆ ಗಟ್ಟಿಯಿದ್ದ ಮಾತ್ರಕ್ಕೆ ಬೆನ್ನು ನೇರವಾಗುವುದೂ ಇಲ್ಲ. ಇನ್ನು ಕಾಲು: ಅದನ್ನು ಕಟ್ಟಿದ ಜಾಗದಲ್ಲಿ ನೋಡಿದರೆ ಸಾಲದು. ಹಿಂಡು ಮೇಯಲು ಹೊರಟಾಗ ಕಲ್ಲುದಾರಿಯಲ್ಲಿ ಹಿಂದಿನಿಂದ ನೋಡಬೇಕು.